ಮನೆಯ ಶುಚಿ, ಶುಚಿಗಾರನ ಕ್ಷೇಮ



ಇಂದಿನ ಭಾಷಣದ ವಿಷಯ ಒಂದು ಕಸುಬು. ಮನೆಯನ್ನು ಬೆಚ್ಚಗಿಡುವ ಮತ್ತು ತಂಪಾಗಿಡುವ ಸಾಧನಗಳನ್ನು ಶುಚಿಮಾಡುವುದೇ ಆ ಕಸುಬು. ಮೇಲುನೋಟಕ್ಕೆ ಇದು ಅಲ್ಪವಾದ ವಿಷಯವೆಂದು ತೋರಬಹುದು. ಆದರೆ ಇದರ ಇತಿಹಾಸದಲ್ಲಿ ವೈದ್ಯಶಾಸ್ತ್ರದ ಒಂದು ಮಹತ್ವದ ಶೋಧವುಂಟು. ಒಂದು ರಾಷ್ಟ್ರದ ಶಾಸನಸಭೆಯಲ್ಲಿ ದಶಕಗಳ ಕಾಲ ನಡೆದ ವಾಗ್ವಾದವುಂಟು. ಎಷ್ಟೋ ಬಡಮಕ್ಕಳ ಪ್ರಾಣಹಾನಿಯೂ ಉಂಟು. ಬೇಸಗೆ ಹತ್ತಿರ ಬಂದೊಡನೆ ಏ.ಸಿ. ಸರ್ವೀಸು ಮಾಡಿಸಲು ಮೆಕ್ಯಾನಿಕನಿಗೆ ಫೋನು ಮಾಡುವ ನಾವು ಆ ಇತಿಹಾಸವನ್ನು ಅರಿತಿರುವುದು ಒಳ್ಳೆಯದು.

ನಾನು ಹೇಳಬೇಕೆಂದಿರುವ ಮಾತು ಒಂದೇ. ಮನೆಯ ಶುಚಿ ಅಗತ್ಯ. ಆದರೆ ಶುಚಿಮಾಡುವವನ ಕ್ಷೇಮವನ್ನು ಒಳಗೊಳ್ಳದ ಶುಚಿಯು ಪೂರ್ಣವಾದ ಶುಚಿಯಲ್ಲ.

ಮೊದಲು, ಇಂತಹ ಸಾಧನಗಳನ್ನು ಶುಚಿಮಾಡಬೇಕಾದುದು ಏಕೆ ಎಂಬುದನ್ನು ನೋಡೋಣ.

ಶೀತದೇಶಗಳ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಕಟ್ಟಿದ ಅಗ್ಗಿಷ್ಟಿಕೆ ಇರುತ್ತದೆ. ಕೊಡಗಿನ, ಚಿಕ್ಕಮಗಳೂರಿನ ಕಾಫಿತೋಟಗಳ ಹಳೆಯ ಬಂಗಲೆಗಳಲ್ಲಿ ನಿಮ್ಮಲ್ಲಿ ಕೆಲವರು ಅದನ್ನು ಕಂಡಿರಬಹುದು. ಅಗ್ಗಿಷ್ಟಿಕೆಯ ನೆತ್ತಿಯಿಂದ ಹೊರಟು, ಗೋಡೆಯ ಒಳಗೊಳಗೇ ಏರಿ, ಮಾಡಿನ ಮೇಲೆ ಬಾಯ್ದೆರೆಯುವ ಇಟ್ಟಿಗೆಯ ಕೊಳವೆಯೇ ಚಿಮಣಿ, ಅಂದರೆ ಧೂಮನಾಳ. ಬೆಂಕಿಯ ಕಾವಿಗೆ ಹಗುರವಾದ ಗಾಳಿ ಈ ನಾಳದಲ್ಲಿ ಮೇಲೇರುತ್ತದೆ. ಹೊಗೆಯನ್ನೂ ತನ್ನ ಜೊತೆಗೆ ಒಯ್ಯುತ್ತದೆ. ಅದು ತೆರವು ಮಾಡಿದ ಸ್ಥಳಕ್ಕೆ ಕೋಣೆಯ ಗಾಳಿ ಬಂದು ಬೆಂಕಿಗೆ ಆಹಾರವಾಗುತ್ತದೆ. ಮೇಲೇರುವ ಹೊಗೆ ತಣ್ಣಗಾಗುತ್ತ ಹೋದಂತೆ ನಾಳದ ಒಳಮೈಗೆ ಇಲ್ಲಣ ಕಟ್ಟುತ್ತದೆ. ಸೌದೆಯ ಒಲೆಯಿದ್ದ ಅಡಿಗೆಮನೆಯ ಜಂತೆಗಳಲ್ಲಿ ಜೋತಾಡುತ್ತಿದ್ದ ಇಲ್ಲಣವನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ.

ಧೂಮನಾಳದಲ್ಲಿ ಕಟ್ಟಿದ ಇಲ್ಲಣದಿಂದ ಎರಡು ಅಪಾಯಗಳುಂಟು. ಮೊದಲನೆಯದು, ಇಲ್ಲಣ ಸ್ವತಃ ಉರಿಯುವ ವಸ್ತು. ಕಿಡಿ ತಗುಲಿದರೆ ನಾಳವೇ ಹೊತ್ತಿಕೊಂಡು, ಬೆಂಕಿ ಮನೆಗೆ ವ್ಯಾಪಿಸಬಹುದು. ಎರಡನೆಯದು ಇದಕ್ಕಿಂತ ಘೋರವಾದುದು. ನಾಳವು ಕಟ್ಟಿಕೊಂಡಾಗ ಬೆಂಕಿಗೆ ಸಾಕಷ್ಟು ಗಾಳಿ ದೊರೆಯದೆ, ದಹನವು ಅರ್ಧಕ್ಕೆ ನಿಂತು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಹೊರಹೋಗಲು ದಾರಿಯಿಲ್ಲದೆ ಅದು ಕೋಣೆಗೇ ಹಿಂದಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲು ಮೀರಿದ ಬಲದಿಂದ ಅಂಟಿಕೊಳ್ಳುವುದು ಅದರ ಸ್ವಭಾವ. ಮಲಗಿದ್ದವರು ಮಲಗಿದ್ದಲ್ಲಿಯೇ ಪ್ರಾಣ ಬಿಡುತ್ತಾರೆ. ಆದುದರಿಂದ ಧೂಮನಾಳವನ್ನು ಕಾಲಕಾಲಕ್ಕೆ ಗುಡಿಸಲೇಬೇಕು. ಇದರಲ್ಲಿ ಎರಡು ಮಾತಿಲ್ಲ.

ಗುಡಿಸಬೇಕು, ಸರಿ. ಗುಡಿಸತಕ್ಕವರು ಯಾರು? ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ.

1666ರಲ್ಲಿ ಲಂಡನ್ ನಗರವು ಮಹಾಗ್ನಿಗೆ ಆಹುತಿಯಾಯಿತು. ಮರದ ಮನೆಗಳಿದ್ದ ಸ್ಥಳದಲ್ಲಿ ಇಟ್ಟಿಗೆಯ ಮನೆಗಳು ಎದ್ದವು. ಉರುವಲಿನಲ್ಲಿ ಸೌದೆಯ ಸ್ಥಾನವನ್ನು ಕಲ್ಲಿದ್ದಲು ಆಕ್ರಮಿಸಿತು. ಮಹಡಿಗಳು ಹೆಚ್ಚಿದಂತೆ ಅಗ್ಗಿಷ್ಟಿಕೆಗಳೂ ಹೆಚ್ಚಿದವು. ಅವುಗಳ ನಾಳಗಳು ಒಂದರ ಪಕ್ಕಕ್ಕೆ ಒಂದು ಸರಿದು, ಬಾಗಿ, ತಿರುಗಿ, ಕಿರಿದಾದವು.

ಎಷ್ಟು ಕಿರಿದು? ನಿಮ್ಮ ಬಲಗೈಯನ್ನು ಅಗಲವಾಗಿ ಬಿಡಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಒಂದು ಗೇಣು ಅಳೆಯಿರಿ. ಆ ಕಾಲದ ಸಾಮಾನ್ಯ ಧೂಮನಾಳದ ಒಂದು ಮಗ್ಗುಲು ಅಷ್ಟೇ ಇದ್ದಿತು. ಇನ್ನೊಂದು ಮಗ್ಗುಲು ಒಂದೂವರೆ ಗೇಣು, ಅಥವಾ ಅದಕ್ಕಿಂತ ತುಸು ಹೆಚ್ಚು. ಎರಡು ಮಗ್ಗುಲೂ ಒಂದೊಂದೇ ಗೇಣಿದ್ದ ನಾಳಗಳೂ ಉಂಟು. ಅದರೊಳಕ್ಕೆ ಬೆಳೆದ ಮನುಷ್ಯನ ತೋಳು ಹೋದೀತು, ಹೆಗಲು ಹೋಗಲಾರದು. ಆದುದರಿಂದ ಮಕ್ಕಳನ್ನು ಹತ್ತಿಸಿದರು.

ಐದಾರು ವರ್ಷದ ಅನಾಥ ಬಾಲಕರನ್ನೂ, ಹೊಟ್ಟೆಗಿಲ್ಲದ ತಂದೆತಾಯಿಗಳು ಅಲ್ಪ ಹಣಕ್ಕೆ ಒಪ್ಪಿಸಿದ ಹಸುಳೆಗಳನ್ನೂ, ಕಸುಬು ಕಲಿಸುವ ನೆಪದಿಂದ ಗುಡಿಸುವ ಯಜಮಾನರು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಿದ್ದರು. ಹುಡುಗನು ಮುಖದ ಮೇಲೆ ಟೋಪಿಯನ್ನು ಎಳೆದುಕೊಂಡು, ಒಂದು ಕೈಯಲ್ಲಿ ಕುಂಚವನ್ನು ತಲೆಯ ಮೇಲೆ ಹಿಡಿದು, ಬೆನ್ನನ್ನು ಒಂದು ಗೋಡೆಗೂ ಮೊಣಕಾಲುಗಳನ್ನು ಎದುರುಗೋಡೆಗೂ ಒತ್ತಿ, ಕಂಬಳಿಹುಳುವಿನಂತೆ ಅಂಗುಲ ಅಂಗುಲವಾಗಿ ಕತ್ತಲೆಯಲ್ಲಿ ಮೇಲೇರಬೇಕು. ಇಲ್ಲಣವೆಲ್ಲ ಅವನ ಮೈಮೇಲೆಯೇ ಸುರಿಯುವುದು. ಮೊಣಕಾಲು ಮೊಣಕೈಗಳ ಎಳೆಯ ಚರ್ಮ ಮೊದಲ ದಿನವೇ ಸುಲಿದುಹೋಗುತ್ತಿದ್ದಿತು. ಚರ್ಮ ಗಟ್ಟಿಯಾಗಲೆಂದು ಉರಿಯುವ ಬೆಂಕಿಯ ಮುಂದೆ ನಿಲ್ಲಿಸಿ, ಆ ಗಾಯಗಳಿಗೆ ಕಡು ಉಪ್ಪುನೀರನ್ನು ತಿಕ್ಕುತ್ತಿದ್ದರು. ಕಾಲು ಜಾರಿ ಮೊಣಕಾಲು ಗದ್ದಕ್ಕೆ ಸಿಕ್ಕಿಕೊಂಡರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಾಗೆ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರುಂಟು. ಗುಡಿಸಿದ ಇಲ್ಲಣವನ್ನು ಯಜಮಾನನು ರೈತರಿಗೆ ಗೊಬ್ಬರಕ್ಕೆಂದು ಮಾರುತ್ತಿದ್ದನು. ಅದನ್ನು ತುಂಬಿದ ಚೀಲಗಳನ್ನೇ ಹಾಸಿ ಹೊದೆದು ಹುಡುಗರು ಮಲಗುತ್ತಿದ್ದರು. ಸ್ನಾನ ಅಪರೂಪ.

ಇಲ್ಲಿಯವರೆಗೆ ಹೇಳಿದ್ದನ್ನು ಸಂಗ್ರಹಿಸುತ್ತೇನೆ. ಧೂಮನಾಳವನ್ನು ಗುಡಿಸುವುದು ಅಗತ್ಯವಾಗಿದ್ದಿತು. ನಾಳ ಕಿರಿದಾಗಿದ್ದುದರಿಂದ ಮಕ್ಕಳನ್ನು ಹತ್ತಿಸಿದರು. ಆ ಮಕ್ಕಳ ದೇಹಕ್ಕೆ ಏನಾಯಿತು ಎಂಬುದೇ ಇನ್ನು ಮುಂದಿನ ಪ್ರಶ್ನೆ.

ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನಿದ್ದನು. ಚಿಮಣಿ ಗುಡಿಸುವವರಲ್ಲಿ ವೃಷಣದ ಚರ್ಮಕ್ಕೆ ಬರುವ ಒಂದು ಹುಣ್ಣನ್ನು ಅವನು ಮತ್ತೆ ಮತ್ತೆ ಕಂಡನು. ಕಸುಬಿನವರು ಅದನ್ನು ಮಸಿಯ ಗಂಟೆಂದು ಕರೆದು, ಅದಕ್ಕೆ ಮಹತ್ವ ಕೊಡದೆ, ತಾವೇ ಕತ್ತರಿಸಿಕೊಳ್ಳುವುದೂ ಉಂಟಾಗಿದ್ದಿತು. ಇತರ ವೈದ್ಯರು ಅದನ್ನು ಗುಹ್ಯರೋಗವೆಂದು ಬಗೆದು ಪಾದರಸವನ್ನು ಕೊಡುತ್ತಿದ್ದರು. ಪಾಟನು 1775ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಇದು ಅರ್ಬುದರೋಗವೆಂದೂ, ಚರ್ಮದ ಮಡಿಕೆಗಳಲ್ಲಿ ನೆಲೆನಿಂತ ಇಲ್ಲಣವೇ ಇದಕ್ಕೆ ಕಾರಣವೆಂದೂ ಸ್ಪಷ್ಟವಾಗಿ ಬರೆದನು. ಬಾಲ್ಯದಲ್ಲಿ ಅಂಟಿದ ಮಸಿ ಯೌವನ ಕಳೆಯುವ ಹೊತ್ತಿಗೆ ಕ್ಯಾನ್ಸರ್ ಆಗಿ ಮೈದೋರುತ್ತಿದ್ದಿತು. ಒಂದು ಕಸುಬಿಗೂ ಒಂದು ಬಗೆಯ ಕ್ಯಾನ್ಸರಿಗೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರವು ಮೊದಲಬಾರಿಗೆ ಗುರುತಿಸಿದ್ದು ಚಿಮಣಿ ಗುಡಿಸುವವನ ಮೈಮೇಲೆ.

ಆ ಶೋಧದ ಮುಂದಿನ ಹೆಜ್ಜೆಗಳು ದೂರದೂರ ಬಿದ್ದವು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬ ವಿಜ್ಞಾನಿಗಳು ಮೊಲಗಳ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಬಳಿದು ಕ್ಯಾನ್ಸರನ್ನು ಉಂಟುಮಾಡಿ ತೋರಿಸಿದರು. 1930ರ ದಶಕದಲ್ಲಿ ಲಂಡನ್ನಿನ ಸಂಶೋಧಕರು ಆ ಟಾರಿನಿಂದ ಬೆಂಜೋಪೈರೀನ್ ಎಂಬ ಮಾರಕ ದ್ರವ್ಯವನ್ನು ಬೇರ್ಪಡಿಸಿದರು. ಪಾಟನು ಬರಿಗಣ್ಣಿನಿಂದ ಕಂಡುದಕ್ಕೆ ರಸಾಯನಶಾಸ್ತ್ರವು ಸಾಕ್ಷ್ಯವನ್ನು ಒದಗಿಸಲು ಒಂದೂವರೆ ಶತಮಾನ ಹಿಡಿಯಿತು.

ಆದರೆ ಈ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ಸಂಗತಿ ಬೇರೊಂದಿದೆ. ಅದೇ ಆಸ್ಪತ್ರೆಯ ಹೆನ್ರಿ ಬಟ್ಲಿನ್ ಎಂಬ ಶಸ್ತ್ರವೈದ್ಯನು 1892ರಲ್ಲಿ ಒಂದು ಸರಳವಾದ ಪ್ರಶ್ನೆಯನ್ನು ಎತ್ತಿದನು. ಯೂರೋಪಿನ ಇತರ ದೇಶಗಳಲ್ಲಿಯೂ ಚಿಮಣಿಗಳಿವೆ, ಗುಡಿಸುವವರಿದ್ದಾರೆ. ಅವರಿಗೇಕೆ ಈ ರೋಗ ಇಷ್ಟು ಅಪರೂಪ? ವಿಚಾರಿಸಿದಾಗ ಅವನಿಗೆ ತಿಳಿದುಬಂದುದು ಇಷ್ಟು. ಜರ್ಮನಿಯೇ ಮೊದಲಾದ ಕಡೆಗಳಲ್ಲಿ ಗುಡಿಸುವವನು ತಲೆಯಿಂದ ಕಾಲಿನವರೆಗೆ ಮೈಗೆ ಬಿಗಿಯಾಗಿ ಹೊಂದುವ ಉಡುಪನ್ನು ತೊಡುತ್ತಿದ್ದನು; ಕೆಲಸ ಮುಗಿದ ಮೇಲೆ ಪ್ರತಿದಿನವೂ ಮೈ ತೊಳೆಯುತ್ತಿದ್ದನು. ಔಷಧವಲ್ಲ, ಮಂತ್ರವಲ್ಲ, ಒಂದು ಒಳ್ಳೆಯ ಉಡುಪು, ದಿನಕ್ಕೊಂದು ಸ್ನಾನ. ಇಂಗ್ಲೆಂಡಿನ ಹುಡುಗನಿಗೆ ದೊರೆಯದೆ ಹೋದುದು ಇದೇ. ಇಷ್ಟು ಅಗ್ಗವಾದ ರಕ್ಷಣೆಯನ್ನು ಒಂದು ಸಂಪನ್ನ ಸಮಾಜವು ತನ್ನ ಮಕ್ಕಳಿಗೆ ಕೊಡಲಿಲ್ಲವೆಂಬುದನ್ನು ನಾವು ಮರೆಯಬಾರದು.

ಪಾಟನ ಕಾಲದಿಂದಲೇ ರೋಗದ ಕಾರಣ ತಿಳಿದಿದ್ದಿತು, ನಿವಾರಣೆಯೂ ದುಬಾರಿಯಾದುದಲ್ಲ. ಹಾಗಾದರೆ ಮಕ್ಕಳನ್ನು ಹತ್ತಿಸುವುದು ಏಕೆ ನಿಲ್ಲಲಿಲ್ಲ? ಯಂತ್ರವಿರಲಿಲ್ಲವೆ? ಕಾನೂನಿರಲಿಲ್ಲವೆ?

ಎರಡೂ ಇದ್ದವು. 1803ರಲ್ಲಿಯೇ ಜಾರ್ಜ್ ಸ್ಮಾರ್ಟ್ ಎಂಬವನು ಒಂದಕ್ಕೊಂದು ಜೋಡಿಸಬಹುದಾದ ಕೋಲುಗಳ ತುದಿಗೆ ಕುಂಚವಿದ್ದ ಸಾಧನವನ್ನು ರಚಿಸಿದ್ದನು. 1828ರಲ್ಲಿ ಜೋಸೆಫ್ ಗ್ಲಾಸ್ ಎಂಬವನು ಅದನ್ನು ಸುಧಾರಿಸಿದನು. ಬಾಗುವ ಕೋಲು, ತುದಿಯಲ್ಲಿ ಕುಂಚ, ಇಂದಿಗೂ ಅದೇ ಕ್ರಮ. ಮನೆಯವರು ಅದನ್ನು ಬೇಡವೆಂದರು. ಯಂತ್ರದಿಂದ ಇಲ್ಲಣ ಕೆದರಿ ಜಮಖಾನೆ ಕೆಡುವುದೆಂಬುದು ಒಂದು ಆಕ್ಷೇಪಣೆ. ಬಾಗಿದ ನಾಳಗಳಲ್ಲಿ ಕುಂಚ ತಿರುಗದೆಂಬುದು ಇನ್ನೊಂದು. ನಾಳದ ಮೂಲೆಗಳಲ್ಲಿ ಸಣ್ಣ ಕದಗಳನ್ನು ಇಡಿಸಿದರೆ ಕುಂಚ ತಿರುಗುತ್ತಿದ್ದಿತು. ಆದರೆ ಅದರ ಖರ್ಚು ಮನೆಯ ಯಜಮಾನನದು. ಹುಡುಗನೋ ಅಗ್ಗ.

ಕಾನೂನುಗಳ ಗತಿಯೂ ಇದೇ. 1788ರ ಕಾನೂನು ಎಂಟು ವರ್ಷಕ್ಕಿಂತ ಕಿರಿಯರನ್ನು ಈ ಕಸುಬಿಗೆ ಸೇರಿಸಕೂಡದೆಂದಿತು. 1840ರ ಕಾನೂನು ಇಪ್ಪತ್ತೊಂದು ತುಂಬದವರಾರೂ ಧೂಮನಾಳವನ್ನು ಹತ್ತಕೂಡದೆಂದಿತು. ಯಾರೂ ಕೇಳಲಿಲ್ಲ, ಯಾರೂ ವಿಚಾರಿಸಲಿಲ್ಲ. ಕವಿ ವಿಲಿಯಂ ಬ್ಲೇಕ್ ಈ ಹುಡುಗರನ್ನು ಕುರಿತು ಹಾಡಿದನು. ಚಾರ್ಲ್ಸ್ ಕಿಂಗ್ಸ್ಲಿ 1863ರಲ್ಲಿ ಇಂತಹ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿ ಕಥೆ ಬರೆದನು. ಮರುವರ್ಷವೇ ಇನ್ನೊಂದು ಕಾನೂನು ಬಂದಿತು. ಅದೂ ಸಾಲಲಿಲ್ಲ.

1875ರ ಫೆಬ್ರವರಿಯಲ್ಲಿ, ಕೇಂಬ್ರಿಜ್ ಸಮೀಪದ ಫುಲ್‌ಬೋರ್ನ್ ಆಸ್ಪತ್ರೆಯ ಧೂಮನಾಳವನ್ನು ಗುಡಿಸಲು ಜಾರ್ಜ್ ಬ್ರೂಸ್ಟರ್ ಎಂಬ ಬಾಲಕನನ್ನು ಹತ್ತಿಸಿದರು. ಹನ್ನೊಂದು ಹನ್ನೆರಡರ ವಯಸ್ಸು. ಅವನು ಒಳಗೆ ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಹೊರತೆಗೆದರೂ ಉಳಿಯಲಿಲ್ಲ. ಅವನ ಯಜಮಾನನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಈ ಮಕ್ಕಳಿಗಾಗಿ ದಶಕಗಳಿಂದ ಹೋರಾಡುತ್ತಿದ್ದ ಶಾಫ್ಟ್ಸ್‌ಬರಿ ಪ್ರಭುವು ಅದೇ ವರ್ಷ ಮತ್ತೊಂದು ಮಸೂದೆಯನ್ನು ತಂದನು; ಅದು ಅಂಗೀಕಾರವಾಯಿತು. ಅಂದಿನಿಂದ ಚಿಮಣಿ ಗುಡಿಸುವವನು ಪೊಲೀಸರಿಂದ ಪರವಾನಗಿ ಪಡೆಯಬೇಕಾಯಿತು. ಹಿಂದಿನ ಕಾನೂನುಗಳನ್ನು ಮೀರಿದರೆ ಪರವಾನಗಿ ಹೋಗುತ್ತಿದ್ದಿತು. ಮಕ್ಕಳನ್ನು ಹತ್ತಿಸುವುದು ನಿಂತುಹೋಯಿತು. ಇಂಗ್ಲೆಂಡಿನ ಚಿಮಣಿಗಳು ಆಮೇಲೂ ಶುಚಿಯಾಗಿಯೇ ಇದ್ದವು, ಯಾವ ಮನೆಯೂ ಹಾಳಾಗಲಿಲ್ಲ.

ಮತ್ತೊಮ್ಮೆ ಸಂಗ್ರಹಿಸುತ್ತೇನೆ. ಯಂತ್ರವನ್ನು ರಚಿಸಿದ ಮಾತ್ರಕ್ಕೆ ಹುಡುಗನು ಉಳಿಯಲಿಲ್ಲ. ಕಾನೂನನ್ನು ಬರೆದ ಮಾತ್ರಕ್ಕೂ ಉಳಿಯಲಿಲ್ಲ. ಕಾನೂನನ್ನು ನಡೆಯಿಸಲು ಒಬ್ಬ ಅಧಿಕಾರಿ, ಕಸುಬಿಗೆ ಒಂದು ಪರವಾನಗಿ, ಹೆಚ್ಚಿನ ಖರ್ಚನ್ನು ಹೊರಲು ಮನೆಯವನ ಒಪ್ಪಿಗೆ, ಈ ಮೂರೂ ಕೂಡಿದಾಗ ಉಳಿದನು. ರಕ್ಷಣೆಯಿಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸಕೂಡದೆಂದು ನಮ್ಮ ದೇಶದಲ್ಲಿ 2013ರಲ್ಲಿ ಕಾನೂನು ಮಾಡಿಯೂ ಇಳಿದವರ ಸಾವಿನ ಸುದ್ದಿಯನ್ನು ಇಂದಿಗೂ ಓದುತ್ತಿರುವ ನಾವು ಈ ಪಾಠವನ್ನು ಎರಡು ಸಲ ಕೇಳಬೇಕು.

ಕಸುಬಿಗೆ ಗೌರವವನ್ನು ಕೊಟ್ಟ ದೇಶ ಹೇಗೆ ನಡೆದುಕೊಂಡಿತೆಂಬುದಕ್ಕೆ ಜರ್ಮನಿ ಉದಾಹರಣೆ. ಅಲ್ಲಿ ದೇಶವನ್ನೆಲ್ಲ ವಲಯಗಳಾಗಿ ವಿಂಗಡಿಸಿ, ವಲಯಕ್ಕೊಬ್ಬ ಚಿಮಣಿ ಗುಡಿಸುವ ಅಧಿಕೃತನನ್ನು ನೇಮಿಸಿದ್ದಾರೆ. ಮೂರು ವರ್ಷ ಶಿಷ್ಯವೃತ್ತಿ ಮಾಡಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಈ ಕಸುಬಿಗೆ ಬರುತ್ತಾರೆ. ಬಹುಕಾಲ ವಲಯದವನಿಂದಲೇ ಎಲ್ಲ ಕೆಲಸವನ್ನೂ ಮಾಡಿಸಬೇಕಾಗಿದ್ದಿತು. 2013ರಿಂದ ಸಾಮಾನ್ಯ ಶುಚಿಗೆ ಅರ್ಹನಾದ ಬೇರೊಬ್ಬನನ್ನು ಕರೆಸುವ ಸ್ವಾತಂತ್ರ್ಯ ದೊರೆತಿದೆ. ಆದರೆ ಅಧಿಕೃತ ತಪಾಸಣೆ ಮಾತ್ರ ವಲಯದವನದೇ. ಅವನು ಏಳು ವರ್ಷಗಳಲ್ಲಿ ಎರಡು ಬಾರಿ ಮನೆಯ ಒಲೆ, ಬಾಯ್ಲರು, ಧೂಮನಾಳಗಳನ್ನೆಲ್ಲ ನೋಡಿ, ಯಾವ ಕೆಲಸ ಯಾವಾಗ ಆಗತಕ್ಕದ್ದೆಂದು ಲಿಖಿತವಾಗಿ ತಿಳಿಸುತ್ತಾನೆ. ಅಲ್ಲಿಯ ಜನ ಕಪ್ಪು ಉಡುಪಿನ ಈ ಮನುಷ್ಯನನ್ನು ಹೊಸವರ್ಷದ ಶುಭಶಕುನವೆಂದು ಎಣಿಸುತ್ತಾರೆ.

ಇನ್ನು ನಮ್ಮ ಮನೆಗಳಿಗೆ ಬರೋಣ. ಕರ್ನಾಟಕದ ಮನೆಗಳಲ್ಲಿ ಅಗ್ಗಿಷ್ಟಿಕೆ ಅಪರೂಪ. ನಮ್ಮಲ್ಲಿ ಕಾಯಿಸುವುದೆಂದರೆ ಬಹುಮಟ್ಟಿಗೆ ಸ್ನಾನದ ನೀರನ್ನು. ಹಂಡೆಯ ಒಲೆಯ ಸ್ಥಳಕ್ಕೆ ಅನೇಕ ಮನೆಗಳಲ್ಲಿ ಗ್ಯಾಸ್ ಗೀಸರ್ ಬಂದಿದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದನ್ನು ಕೂರಿಸಿದರೆ, ಅದರ ಬರ್ನರಿಗೆ ಮಸಿ ಹಿಡಿದರೆ, ಮೊದಲು ಹೇಳಿದ ಅದೇ ಕಾರ್ಬನ್ ಮಾನಾಕ್ಸೈಡ್ ಇಲ್ಲಿಯೂ ಹುಟ್ಟುತ್ತದೆ. ಬಚ್ಚಲಿನಲ್ಲಿ ಉಸಿರುಗಟ್ಟಿ ಸತ್ತವರ ವಾರ್ತೆ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿರಿ; ವರ್ಷಕ್ಕೊಮ್ಮೆ ತಿಳಿದವನಿಂದ ಶುಚಿಮಾಡಿಸಿರಿ.

ತಂಪಿನ ಸಾಧನದ ಮಾತು ಇನ್ನೂ ವಿಸ್ತಾರವಾದುದು. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬಿಸಿಲಿಗೆ ಏ.ಸಿ. ಇಂದು ಬರಿಯ ಭೋಗವಸ್ತುವಲ್ಲ. ಬೆಂಗಳೂರಿನಲ್ಲಿಯೂ ಅದು ಮಧ್ಯಮವರ್ಗದ ಮನೆಗಳನ್ನು ಹೊಕ್ಕಿದೆ. ಮೆಕ್ಯಾನಿಕನು ಬಂದು ಮಾಡುವ ಕೆಲಸವನ್ನು ಗಮನವಿಟ್ಟು ನೋಡಿದ್ದೀರಾ? ಮೊದಲು ಮುಚ್ಚಳವನ್ನು ತೆಗೆದು, ಬಲೆಯಂತಹ ಫಿಲ್ಟರನ್ನು ಹೊರಗೆಳೆಯುತ್ತಾನೆ. ಅದರ ಮೇಲೆ ಬೂದುಬಣ್ಣದ ಧೂಳು ಒಂದು ಪದರವಾಗಿ ಹಿಡಿದಿರುತ್ತದೆ. ಅದರ ಹಿಂದೆ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳ ಸಾಲು. ಬೆರಳು ತಗುಲಿದರೂ ಮಡಚಿಕೊಳ್ಳುವಷ್ಟು ಮೃದು. ತಣ್ಣನೆಯ ಆ ಪಟ್ಟಿಗಳ ಮೇಲೆ ಗಾಳಿಯ ತೇವವು ನೀರಾಗಿ ಇಳಿಯುತ್ತದೆ; ನೀರಿಗೆ ಧೂಳು ಅಂಟುತ್ತದೆ; ಧೂಳಿನಲ್ಲಿ ಬೂಷ್ಟು ಬೆಳೆಯುತ್ತದೆ. ಮೆಕ್ಯಾನಿಕನು ಕೆಳಗೆ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ, ಪಂಪಿನಿಂದ ನೀರು ಹಾಯಿಸುತ್ತಾನೆ. ಬಕೆಟ್ಟಿಗೆ ಇಳಿಯುವ ನೀರು ಕಪ್ಪು. ನಾವು ತಿಂಗಳುಗಟ್ಟಲೆ ಉಸಿರಾಡಿದ ಗಾಳಿ ಆ ಕೊಳೆಯ ಮೂಲಕ ಬಂದುದು.

ಶುಚಿಮಾಡದಿದ್ದರೆ ಗಾಳಿಯ ಹರಿವು ಕುಗ್ಗುತ್ತದೆ, ಪಟ್ಟಿಗಳ ಮೇಲೆ ಮಂಜು ಕಟ್ಟುತ್ತದೆ, ಕಂಪ್ರೆಸರು ಬಿಡುವಿಲ್ಲದೆ ದುಡಿದು ವಿದ್ಯುತ್ತಿನ ಬಿಲ್ಲನ್ನು ಏರಿಸುತ್ತದೆ, ಕಟ್ಟಿಕೊಂಡ ಕೊಳವೆಯಿಂದ ನೀರು ಗೋಡೆಗೆ ಸೋರುತ್ತದೆ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನೀವೇ ತೊಳೆದುಕೊಳ್ಳಬಹುದು. ಉಳಿದುದಕ್ಕೆ ಬಲ್ಲವನೇ ಬೇಕು. ಇನ್ನೊಂದು ಮಾತು. ಪ್ರತಿವರ್ಷ ಗ್ಯಾಸ್ ತುಂಬಿಸಬೇಕೆಂಬುದು ತಪ್ಪು ತಿಳುವಳಿಕೆ. ಅದು ಮುಚ್ಚಿದ ವ್ಯವಸ್ಥೆ. ಗ್ಯಾಸ್ ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದು ಅರ್ಥ. ಸೋರುವ ಜಾಗವನ್ನು ಮುಚ್ಚದೆ ಗ್ಯಾಸ್ ತುಂಬಿಸಿದರೆ ಹಣವೂ ವ್ಯರ್ಥ, ವಾಯುಮಂಡಲಕ್ಕೂ ಹಾನಿ.

ಮನೆಯೊಳಗಿನ ಕೆಲಸ ಇಷ್ಟು. ಇನ್ನು ಮನೆಯ ಹೊರಗಿನದು.

ಏ.ಸಿ.ಯ ಇನ್ನೊಂದು ಭಾಗ, ಔಟ್‌ಡೋರ್ ಯೂನಿಟ್, ಅಪಾರ್ಟ್‌ಮೆಂಟುಗಳ ಹೊರಗೋಡೆಯ ಮೇಲೆ ಕಬ್ಬಿಣದ ಆಧಾರದಲ್ಲಿ ತೂಗುತ್ತಿರುತ್ತದೆ. ಅದನ್ನು ತೊಳೆಯಲು ಮೆಕ್ಯಾನಿಕನು ಕಿಟಕಿಯಿಂದ ಹೊರಕ್ಕೆ ದಾಟಿ, ಒಂದೆರಡು ಗೇಣು ಅಗಲದ ಸಜ್ಜಾದ ಮೇಲೆ ನಿಲ್ಲುತ್ತಾನೆ. ಒಂದು ಕೈ ಕಿಟಕಿಯ ಸರಳಿಗೆ, ಒಂದು ಕೈ ಕೆಲಸಕ್ಕೆ. ಕೆಳಗೆ ಐದು ಮಹಡಿ. ಸೊಂಟಕ್ಕೆ ಬೆಲ್ಟು ಇಲ್ಲ. ಇದ್ದರೂ ಅದನ್ನು ಕಟ್ಟಲು ಗೋಡೆಯಲ್ಲಿ ಒಂದು ಕೊಂಡಿಯಿಲ್ಲ. ಎತ್ತರದ ಅಪಾಯ ಸಾಲದೆಂಬಂತೆ ವಿದ್ಯುತ್ತಿನ ಅಪಾಯವೂ ಇದೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಈಗಿನ ಅನೇಕ ಏ.ಸಿ.ಗಳಲ್ಲಿರುವ ಆರ್-32 ಎಂಬ ಅನಿಲವು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು. ಇದನ್ನೆಲ್ಲ ಕ್ರಮವಾಗಿ ಕಲಿಸಲು ಐ.ಟಿ.ಐ.ಗಳಲ್ಲಿ ಎರಡು ವರ್ಷದ ಶಿಕ್ಷಣವಿದೆ. ಆದರೆ ಯಾರು ಕಡಮೆ ಹಣಕ್ಕೆ ಬರುವರೆಂಬ ಒಂದೇ ಪ್ರಶ್ನೆಯನ್ನು ನಾವು ಕೇಳಿದರೆ, ಕಲಿಯದವನೂ ಬೆಲ್ಟಿಲ್ಲದವನೂ ಮೊದಲು ಬರುತ್ತಾನೆ.

ಲಂಡನ್ನಿನ ಮನೆಯವರು ನಾಳಕ್ಕೆ ಸಣ್ಣ ಕದವನ್ನು ಇಡಿಸಲು ಹಿಂಜರಿದರು. ನಾವು ಗೋಡೆಗೆ ಒಂದು ಕೊಂಡಿಯನ್ನು ಹಾಕಿಸಲು ಮರೆತಿದ್ದೇವೆ. ಅಲ್ಲಿ ಮಗು, ಇಲ್ಲಿ ಯುವಕ. ಕಟ್ಟಡವನ್ನು ಕಟ್ಟುವಾಗಲೇ ಶುಚಿಗಾರನನ್ನು ನೆನೆಯದೆ ಹೋದ ದೋಷ ಎರಡು ಕಡೆಯೂ ಒಂದೇ.

ಆದುದರಿಂದ, ಶ್ರೋತೃಗಳೇ, ನನ್ನ ವಿಜ್ಞಾಪನೆ ಇಷ್ಟು. ಗೃಹಸ್ಥರೇ, ಗೃಹಿಣಿಯರೇ, ಈ ಬೇಸಗೆಗೆ ಮುನ್ನ ನೀವು ಕರೆಸುವ ಮೆಕ್ಯಾನಿಕನನ್ನು ದರ ಕೇಳುವ ಮೊದಲು ಬೆಲ್ಟು ಇದೆಯೇ ಎಂದು ಕೇಳಿರಿ. ಇಲ್ಲವೆಂದರೆ ಹೊರಕ್ಕೆ ದಾಟಲು ಬಿಡಬೇಡಿರಿ. ಯಂತ್ರ ಒಂದು ವರ್ಷ ಕೊಳೆಯಾಗಿದ್ದರೂ ಚಿಂತೆಯಿಲ್ಲ. ಕೆಲಸಕ್ಕೆ ಮುನ್ನ ಏ.ಸಿ.ಗೆ ವಿದ್ಯುತ್ತು ಕೊಡುವ ಎಂ.ಸಿ.ಬಿ. ಸ್ವಿಚ್ಚನ್ನು ನೀವೇ ಆರಿಸಿರಿ. ಮುಗಿದ ಮೇಲೆ ಕೈಕಾಲು ತೊಳೆಯಲು ನೀರು, ಸಾಬೂನು ಕೊಡಿರಿ. ಅಪಾರ್ಟ್‌ಮೆಂಟ್ ಸಂಘಗಳವರೇ, ಪ್ರತಿಯೊಂದು ಔಟ್‌ಡೋರ್ ಯೂನಿಟ್ಟಿನ ಬಳಿ ಬೆಲ್ಟು ಕಟ್ಟಲು ಭದ್ರವಾದ ಕೊಂಡಿಯನ್ನು ಹಾಕಿಸಿರಿ. ಕಟ್ಟಡದ ನಕ್ಷೆ ಬರೆಯುವ ಎಂಜಿನಿಯರುಗಳೇ, ಆ ಯಂತ್ರಕ್ಕೆ ಕಟಕಟೆಯಿರುವ, ಒಳಗಿನಿಂದಲೇ ಕೈಗೆಟಕುವ ಸ್ಥಳವನ್ನು ಮೊದಲೇ ಇಡಿರಿ. ಮೆಕ್ಯಾನಿಕರಾಗಿ ದುಡಿಯುತ್ತಿರುವ ತಮ್ಮಂದಿರೇ, ಬೆಲ್ಟಿಲ್ಲದ ಕೆಲಸವನ್ನು ಒಲ್ಲೆನೆನ್ನಿರಿ. ಹಾಗೆನ್ನುವುದು ನಿಮ್ಮ ಹಕ್ಕು. ಇದಕ್ಕೆ ತಗಲುವ ಕೆಲವು ನೂರು ರೂಪಾಯಿಗಳ ಹೆಚ್ಚಿನ ವೆಚ್ಚವನ್ನು ಕೊಡಬೇಕಾದವರು ತಂಪನ್ನು ಅನುಭವಿಸುವ ನಾವೇ. ಅದನ್ನು ಸಂತೋಷದಿಂದ ಕೊಡೋಣ.